ಅಕ್ಕನ ಬ್ಯಾನಿ

ನಮ್ಮೂರು ಬೀಳಗಿ ತಾಲೂಕಿನ ಬಾಡಗಂಡಿ. ಈಗ ಆ ಹೆಸರು ಹೇಳಿದರೆ ಜನಕ್ಕೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ನಾನು ಹುಡುಗಿಯಾಗಿದ್ದಾಗ ಕಾರ್ಖಾನೆಯೂ ಇರಲಿಲ್ಲ, ಆಲಮಟ್ಟಿಯ ಹಿನ್ನೀರೂ ಇರಲಿಲ್ಲ. ಬಾಗಲಕೋಟೆ ಜಿಲ್ಲೆ ಕೂಡ ಆಗಿರಲಿಲ್ಲ. 1997ರವರೆಗೆ ನಾವು ವಿಜಾಪುರ ಜಿಲ್ಲೆಯವರು. ಆದರೆ ತಿಂಗಳಿಗೊಮ್ಮೆ ನಮ್ಮ ಮನೆಯ ದನದ ಕೊಟ್ಟಿಗೆಯ ಪಕ್ಕದ ಮೂಲೆಯಲ್ಲಿ ಕೌದಿ ಹೊದ್ದು, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿರುತ್ತಿದ್ದ ನಮ್ಮ ಅಕ್ಕ ಇದ್ದಳು.

ಅವಳು ನನಗಿಂತ ನಾಲ್ಕು ವರುಷ ದೊಡ್ಡವಳು. ಮೊದಲ ದಿನ ಅವಳಿಗೆ ಅನ್ನ ನೀರು ಸೇರುತ್ತಿರಲಿಲ್ಲ. ಕುಡಿದ ಚಹಾ ಕೂಡ ವಾಂತಿಯಾಗುತ್ತಿತ್ತು. ಆಯಿ ಒಲೆಯಲ್ಲಿ ಇಟ್ಟಿಗೆ ಕಾಸಿ, ಹಳೆಯ ಧೋತರದ ಚೂರಿನಲ್ಲಿ ಸುತ್ತಿ, ಅವಳ ಕಿಬ್ಬೊಟ್ಟೆಯ ಮೇಲೆ ಇಡುತ್ತಿದ್ದಳು. ಇಟ್ಟಿಗೆ ಇಲ್ಲದಿದ್ದರೆ ಉಪ್ಪು ಹುರಿದು ಗಂಟು ಕಟ್ಟಿ ಕಾವು ಕೊಡುತ್ತಿದ್ದಳು. ಅಜಿವಾನ, ಶುಂಠಿ, ಬೆಲ್ಲ ಹಾಕಿ ಕುದಿಸಿದ ನೀರು ಕುಡಿಸುತ್ತಿದ್ದಳು. ಇಷ್ಟೆಲ್ಲ ಮಾಡಿ ಕೊನೆಗೆ ಒಂದು ಮಾತು ಹೇಳುತ್ತಿದ್ದಳು: "ಹೆಣ್ಣಾಗಿ ಹುಟ್ಟಿದ ಮ್ಯಾಲ ಇದು ಇರೂದ ಯವ್ವಾ. ತಡ್ಕೋಬೇಕು."

ಮುಂದೆ ನಾನೂ ದೊಡ್ಡವಳಾದೆ. ನನಗೆ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಸೊಂಟ ಸ್ವಲ್ಪ ಹಿಡಿದಂತಾಗಿ, ಒಂದು ಹೊತ್ತಿನಲ್ಲಿ ಸರಿಹೋಗುತ್ತಿತ್ತು. ಆಗ ನನ್ನ ಮನಸ್ಸಿನಲ್ಲಿ ಒಂದು ಕೆಟ್ಟ ವಿಚಾರ ಬಂತು. ನನಗಿಲ್ಲದ್ದು ಇವಳಿಗೆ ಹೇಗೆ? ಹೊಲದ ಕೆಲಸ ತಪ್ಪಿಸಿಕೊಳ್ಳಲು ಅಕ್ಕ ಆಟ ಹೂಡಿದ್ದಾಳೆ ಎಂದುಕೊಂಡೆ. ಒಮ್ಮೆ ಬಾಯಿಬಿಟ್ಟು ಅಂದೂ ಬಿಟ್ಟೆ: "ಅಕ್ಕಾ, ನಾಟಕ ಸಾಕ ಮಾಡ, ಏಳ." ಅವಳು ನನ್ನನ್ನು ನೋಡಿದಳು. ಏನೂ ಅನ್ನಲಿಲ್ಲ. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಈ ಬರಹ ಅರ್ಧ ಆ ನೋಟಕ್ಕೆ ಕೊಡುತ್ತಿರುವ ಉತ್ತರ.

1970ರ ಬೇಸಿಗೆ. ಅಕ್ಕನಿಗೆ ಮುಲ್ಕಿ ಪರೀಕ್ಷೆ. ನಮ್ಮ ಮನೆತನದಲ್ಲಿ ಮುಲ್ಕಿಯವರೆಗೆ ಓದಿದ ಮೊದಲ ಹುಡುಗಿ ಅವಳು. ಬೀಳಗಿಗೆ ಹೋಗಲು ಅಪ್ಪ ನಸುಕಿನಲ್ಲೇ ಚಕ್ಕಡಿ ಹೂಡಿದ್ದ. ಅಕ್ಕ ಚಕ್ಕಡಿ ಹತ್ತಿದಳು. ಊರ ಹೊರಗಿನ ಹಳ್ಳದವರೆಗೆ ಹೋದಳು. ಅಲ್ಲಿ ಇಳಿದು ವಾಂತಿ ಮಾಡಿಕೊಂಡು ನೆಲದಲ್ಲೇ ಮಲಗಿಬಿಟ್ಟಳು. ಚಕ್ಕಡಿ ಹೊರಳಿ ಮನೆಗೆ ಬಂತು. ಮರುವರುಷ ಅವಳ ಮದುವೆಯಾಯಿತು. ನಾನು ಮುಲ್ಕಿ ಪಾಸಾಗಿ, ಮುಂದೆ ಟ್ರೇನಿಂಗ್ ಮುಗಿಸಿ, ಮೂವತ್ತಕ್ಕೂ ಹೆಚ್ಚು ವರುಷ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿದೆ. ಬುದ್ಧಿಯಲ್ಲಿ ಅಕ್ಕ ನನಗಿಂತ ಮುಂದಿದ್ದಳು. ನಮ್ಮಿಬ್ಬರ ಬಾಳನ್ನು ಬೇರೆ ಮಾಡಿದ್ದು ಆ ಒಂದು ಮುಂಜಾನೆಯ ಹೊಟ್ಟೆನೋವು.

ನಿವೃತ್ತಿಯಾದ ಮೇಲೆ ಕೈಯಲ್ಲಿ ಹೊತ್ತು ಉಳಿಯಿತು. ಈ ನೋವಿಗೂ ಒಂದು ಇತಿಹಾಸ ಇದ್ದೀತೇ ಎಂದು ಹುಡುಕತೊಡಗಿದೆ. ಅರಸರ ಇತಿಹಾಸ ಕಲಿಸಿದವಳಿಗೆ ಈ ಇತಿಹಾಸ ಹೊಸದು.

ಮೊದಲು ಹೊಳೆದದ್ದು ನಮ್ಮ ಮಾತು. ಮುಟ್ಟಾಗುವುದು, ಹೊರಗಾಗುವುದು, ಕಡಿಗೆಯಾಗುವುದು, ದೂರ ಕೂಡುವುದು ಎಂದು ಆ ಮೂರು ದಿನಕ್ಕೆ ನಮ್ಮಲ್ಲಿ ಎಷ್ಟೋ ಹೆಸರುಗಳಿವೆ. ಎಲ್ಲವೂ ಹೆಣ್ಣು ಎಲ್ಲಿ ಕೂಡಬೇಕು, ಏನನ್ನು ಮುಟ್ಟಬಾರದು ಎಂದು ಹೇಳುವ ಹೆಸರುಗಳೇ. ಅವಳಿಗೆ ಒಳಗೆ ಏನಾಗುತ್ತಿದೆ ಎಂದು ಹೇಳುವ ಮಾತು ಒಂದೇ: ಬ್ಯಾನಿ. ಅದೇ ಮಾತನ್ನು ನಾವು ಹೆರಿಗೆಗೂ ಬಳಸುತ್ತೇವೆ. ಬಸುರಿಗೆ ಬ್ಯಾನಿ ಎದ್ದವು ಅನ್ನುತ್ತೇವೆ. ಎರಡಕ್ಕೂ ಒಂದೇ ಹೆಸರಿಟ್ಟ ನಮ್ಮ ಆಯಿಗಳು ವಿಜ್ಞಾನ ಓದಿದವರಲ್ಲ. ಆದರೆ ಅವರು ಎಷ್ಟು ಸರಿಯಾಗಿ ಗುರುತು ಹಿಡಿದಿದ್ದರು ಎಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ನಮ್ಮ ಜಿಲ್ಲೆಯದೇ. ಅಲ್ಲಿ ಬೆಳೆದ ಬಸವಣ್ಣನವರೂ ಅವರ ಸಂಗಡದ ಶರಣರೂ 12ನೆಯ ಶತಮಾನದಲ್ಲಿ ಪಂಚಸೂತಕಗಳನ್ನು ಅಲ್ಲಗಳೆದರು. ಹುಟ್ಟು, ಸಾವು, ಜಾತಿ, ಎಂಜಲು, ಮುಟ್ಟು ಇವು ಐದರಲ್ಲಿ ಯಾವುದೂ ಮೈಲಿಗೆಯಲ್ಲ ಎಂದರು. ಜಗತ್ತಿನಲ್ಲಿ ಅಷ್ಟು ಹಿಂದೆ ಮುಟ್ಟಿನ ಮೈಲಿಗೆಯನ್ನು ಬಾಯಿಬಿಟ್ಟು ನಿರಾಕರಿಸಿದವರು ಎಷ್ಟು ಜನ ಸಿಕ್ಕಾರು? ನಮ್ಮ ಮನೆಯಲ್ಲೂ ದಿನಾ ಲಿಂಗಪೂಜೆ ಇತ್ತು. ಆದರೂ ಅಕ್ಕ ಮಲಗಿದ್ದು ಕೊಟ್ಟಿಗೆಯ ಮಗ್ಗುಲಲ್ಲೇ. ತತ್ವ ಜಗುಲಿಯ ಮೇಲೆ ಇತ್ತು, ರೂಢಿ ಕೊಟ್ಟಿಗೆಯಲ್ಲಿ ಇತ್ತು. ಮೈಲಿಗೆಯನ್ನು ಕುರಿತು ಎಂಟುನೂರು ವರುಷ ವಾದ ಮಾಡಿದೆವು; ನೋವನ್ನು ಕುರಿತು ಮಾತೇ ಆಡಲಿಲ್ಲ.

ಹಾಗಾದರೆ ಹಳೆಯ ವೈದ್ಯರು ಏನು ಹೇಳಿದ್ದಾರೆ? ಚಾಲುಕ್ಯರ ಕಾಲದ ಕೀರ್ತಿವರ್ಮ ಕನ್ನಡದಲ್ಲಿ ದನಗಳ ರೋಗಕ್ಕೆ ಗೋವೈದ್ಯ ಬರೆದ. ಮಂಗರಾಜ ವಿಷವೈದ್ಯಕ್ಕೆ ಖಗೇಂದ್ರಮಣಿದರ್ಪಣ ಬರೆದ. ಅಕ್ಕನ ನೋವಿನ ಚಹರೆ ನನಗೆ ಸಿಕ್ಕಿದ್ದು ಸಂಸ್ಕೃತದ ಚರಕ ಸಂಹಿತೆಯಲ್ಲಿ. ಅದರ ಚಿಕಿತ್ಸಾಸ್ಥಾನದಲ್ಲಿ ಹೆಂಗಸರ 20 ಬಗೆಯ ಯೋನಿರೋಗಗಳ ವರ್ಣನೆ ಇದೆ. ಅದರಲ್ಲಿ ಒಂದು ಉದಾವರ್ತಿನಿ. ಕೆಳಗೆ ಹರಿಯಬೇಕಾದ ವಾಯು ಮೇಲ್ಮುಖವಾಗಿ ತಿರುಗುತ್ತದೆ. ಹೆಂಗಸು ನೋವಿನಿಂದ ಒದ್ದಾಡಿ ಕಷ್ಟದಿಂದ ರಜಸ್ಸನ್ನು ಹೊರಹಾಕುತ್ತಾಳೆ. ಸ್ರಾವ ಆದ ಕೂಡಲೇ ಅವಳಿಗೆ ಸುಖವಾಗುತ್ತದೆ. ಇದು ಅದರ ಸಾರಾಂಶ. ವಾಯುವಿನ ಮಾತು ಇಂದಿಗೆ ನಿಲ್ಲುವುದಿಲ್ಲ, ಇರಲಿ. ಆದರೆ ಬರೆದವನು ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದ್ದಾನೆ. ಈ ನೋವಿಗೆ ಒಂದು ಹೆಸರಿದೆ, ಇದು ರೋಗ, ಇದಕ್ಕೆ ಚಿಕಿತ್ಸೆ ಬೇಕು ಎಂದು ಒಪ್ಪಿದ್ದಾನೆ. ನಮ್ಮ ಆಯಿಯ "ತಡ್ಕೋಬೇಕು" ಅನ್ನುವ ಮಾತು ಅದರಲ್ಲಿಲ್ಲ.

ಪಶ್ಚಿಮದವರು ಬೇರೆ ದಾರಿ ಹಿಡಿದರು. ಹಳೆಯ ಗ್ರೀಕರಲ್ಲಿ ಗರ್ಭಕೋಶ ಮೈಯೊಳಗೆ ಅಲೆದಾಡುತ್ತದೆಂಬ ನಂಬಿಕೆ ಇತ್ತು. ಹಿಸ್ಟೀರಿಯಾ ಎಂಬ ಹೆಸರು ಹುಟ್ಟಿದ್ದೇ ಗರ್ಭಕೋಶ ಎಂಬರ್ಥದ ಗ್ರೀಕ್ ಪದದಿಂದ. ಹೆಣ್ಣಿನ ನೋವೆಂದರೆ ಮನಸ್ಸಿನ ಚಾಂಚಲ್ಯ ಎಂಬ ಗುಮಾನಿ ಅಲ್ಲಿ ಬೇರುಬಿಟ್ಟಿತು. ನಾನು ಅಕ್ಕನಿಗೆ "ನಾಟಕ" ಅಂದದ್ದೂ ಅದೇ ಗುಮಾನಿ. ಅದಕ್ಕೆ ಗ್ರೀಕ್ ಕಲಿಯಬೇಕಾಗಿರಲಿಲ್ಲ.

1873ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯ ಒಂದು ಪುಸ್ತಕ ಬರೆದು, ಹುಡುಗಿಯರು ಹುಡುಗರಂತೆ ಓದಿದರೆ ಅವರ ಗರ್ಭಾಂಗಗಳು ಕೆಡುತ್ತವೆ, ಮುಟ್ಟಿನ ದಿನಗಳಲ್ಲಿ ಅವರಿಗೆ ಓದು ಬೇಡ ಎಂದ. ಅದಕ್ಕೆ ಉತ್ತರ ಕೊಟ್ಟವರು ಮೇರಿ ಪುಟ್ನಂ ಜಾಕೋಬಿ ಎಂಬ ವೈದ್ಯೆ. ಆಕೆ ವಾದ ಮಾಡುತ್ತ ಕೂಡಲಿಲ್ಲ. ಪ್ರಶ್ನೆಗಳನ್ನು ಅಚ್ಚುಹಾಕಿಸಿ 1000 ಹೆಂಗಸರಿಗೆ ಕಳಿಸಿದರು. 268 ಜನ ಉತ್ತರ ಬರೆದರು. ಅದನ್ನು ಆಧರಿಸಿ ಬರೆದ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡಿನ ಬಾಯ್ಲ್‌ಸ್ಟನ್ ಬಹುಮಾನ ಬಂತು. ಮುಟ್ಟೆಂಬುದು ಓದಿಗೆ ಅಡ್ಡಿಯಲ್ಲ, ಹೆಚ್ಚಿನವರಿಗೆ ವಿಶ್ರಾಂತಿಯ ಅಗತ್ಯವೇ ಇಲ್ಲ ಎಂದು ಆಕೆ ತೋರಿಸಿದರು. ಸೈ. ಆದರೆ ಹೆಚ್ಚಿನವರ ಆಚೆ ಉಳಿದವರ ಗತಿ? ನೋವನ್ನು ದೊಡ್ಡದು ಮಾಡಿದರೆ ಸಾಲಿ ಬಿಡಿಸುತ್ತಾರೆ; ಸಣ್ಣದು ಮಾಡಿದರೆ ನಾಟಕ ಅನ್ನುತ್ತಾರೆ. ಈ ಇಕ್ಕಟ್ಟು ಅಂದಿನಿಂದ ಇಂದಿನವರೆಗೆ ಹಾಗೆಯೇ ಬಂದಿದೆ.

ನೋವಿನ ಕಾರಣ ತಿಳಿದದ್ದು 20ನೆಯ ಶತಮಾನದಲ್ಲಿ. 1930ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ಕುರ್ಝ್‌ರಾಕ್ ಮತ್ತು ಲೀಬ್, ವೀರ್ಯ ತಗುಲಿದರೆ ಗರ್ಭಕೋಶದ ಸ್ನಾಯುವಿನ ತುಣುಕು ಸಂಕುಚಿಸುವುದನ್ನೂ ಸಡಿಲಾಗುವುದನ್ನೂ ಕಂಡರು. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಆ ಪದಾರ್ಥಕ್ಕೆ ಪ್ರೋಸ್ಟಾಗ್ಲಾಂಡಿನ್ ಎಂದು ಹೆಸರಿಟ್ಟ. ಅದು ಗಂಡಸಿನ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಅವನ ಎಣಿಕೆ. ಹೆಂಗಸಿನ ನೋವಿನ ಮೂಲಕ್ಕೂ ಗಂಡಸಿನ ಗ್ರಂಥಿಯ ಹೆಸರೇ ಬಂದದ್ದು ನೋಡಿ! 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವದಲ್ಲೇ ಸ್ನಾಯುವನ್ನು ಹಿಂಡುವ ಪದಾರ್ಥ ಇರುವುದನ್ನು ಪತ್ತೆಮಾಡಿದ. ಮುಂದೆ ಅದು ಪ್ರೋಸ್ಟಾಗ್ಲಾಂಡಿನ್ ಎಂದು ಗೊತ್ತಾಯಿತು.

ಆಗುವುದು ಹೀಗೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಗರ್ಭಕೋಶದ ಒಳಪದರು ಕಳಚತೊಡಗುತ್ತದೆ. ಆ ಪದರಿನಿಂದ ಪ್ರೋಸ್ಟಾಗ್ಲಾಂಡಿನ್ ಬಿಡುಗಡೆಯಾಗಿ ಗರ್ಭಕೋಶವನ್ನು ಹಿಂಡುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಸಾಲದ ಸ್ನಾಯು ನೋಯುತ್ತದೆ. ಕರುಳನ್ನೂ ಅದು ಕೆಣಕುವುದರಿಂದ ವಾಂತಿ, ಭೇದಿ. ಯಾರ ಮೈಯಲ್ಲಿ ಅದು ಹೆಚ್ಚು ಉತ್ಪತ್ತಿಯಾಗುತ್ತದೆಯೋ ಅವರಿಗೆ ನೋವು ಹೆಚ್ಚು. ನನಗೆ ಕಡಿಮೆ, ಅಕ್ಕನಿಗೆ ಹೆಚ್ಚು. ಒಂದೇ ತಾಯಿಯ ಮಕ್ಕಳಾದರೂ. ಹೆರಿಗೆಯಲ್ಲೂ ಗರ್ಭಕೋಶವನ್ನು ಹಿಂಡುವ ಕೆಲಸದಲ್ಲಿ ಇದೇ ಪ್ರೋಸ್ಟಾಗ್ಲಾಂಡಿನ್ ಇದೆ. ಬ್ಯಾನಿ ಬಾರದ ಬಸುರಿಯರಿಗೆ ವೈದ್ಯರು ಇದನ್ನೇ ಔಷಧಿಯಾಗಿ ಕೊಟ್ಟು ಬ್ಯಾನಿ ಬರಿಸುತ್ತಾರೆ. ನಮ್ಮ ಆಯಿಗಳು ಎರಡಕ್ಕೂ ಒಂದೇ ಹೆಸರಿಟ್ಟದ್ದು ಸುಳ್ಳಾಗಲಿಲ್ಲ.

1971ರಲ್ಲಿ ಜಾನ್ ವೇನ್ ಎಂಬಾತ ಆಸ್ಪಿರಿನ್ ಜಾತಿಯ ಔಷಧಿಗಳು ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಎಂದು ತೋರಿಸಿದ. 1982ರಲ್ಲಿ ಬೆರ್ಗ್‌ಸ್ಟ್ರಾಂ ಮತ್ತು ಸ್ಯಾಮುಯೆಲ್ಸನ್ ಅವರೊಂದಿಗೆ ಅವನಿಗೆ ನೊಬೆಲ್ ಬಂತು. ಅಕ್ಕ ಹಳ್ಳದ ದಂಡೆಯಲ್ಲಿ ಮಲಗಿದ್ದು 1970ರಲ್ಲಿ. ಒಂದೇ ವರುಷದ ಅಂತರ. ಇಂದು ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದ ಗುಳಿಗೆಗಳು ಹಳ್ಳಿಯ ಔಷಧಿ ಅಂಗಡಿಯಲ್ಲೂ ಸಿಗುತ್ತವೆ. ನೋವು ಏರಿ ಕೂತ ಮೇಲೆ ನುಂಗುವುದಕ್ಕಿಂತ, ಅದು ಶುರುವಾಗುವಾಗಲೇ ಉಂಡ ಹೊಟ್ಟೆಯಲ್ಲಿ ನುಂಗಿದರೆ ಹೆಚ್ಚು ಗುಣ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ನುಂಗಬಾರದು. ಮೆಫೆನಾಮಿಕ್ ಆಮ್ಲದಿಂದ ಕೆಲವರಿಗೆ ಮೈಮೇಲೆ ಗುಳ್ಳೆ ಎದ್ದು ಜೀವಕ್ಕೇ ಅಪಾಯವಾಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ. ಇನ್ನು ಆಯಿಯ ಇಟ್ಟಿಗೆ. 2001ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಹೊಟ್ಟೆಯ ಮೇಲಿನ ಕಾವು ಐಬುಪ್ರೊಫೆನ್ನಿನಷ್ಟೇ ಕೆಲಸ ಮಾಡಿತಂತೆ. ಓದಿ ನನಗೆ ನಗು ಬಂತು, ಕಣ್ಣೂ ತುಂಬಿದವು.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ವೈದ್ಯರು ಈ ನೋವನ್ನು ಎರಡು ಬಗೆ ಮಾಡುತ್ತಾರೆ. ಮೇಲೆ ಹೇಳಿದ್ದು ಮೊದಲನೆಯದು. ಮೈನೆರೆದ ಒಂದೆರಡು ವರುಷದಲ್ಲಿ ಶುರುವಾಗುತ್ತದೆ, ಒಂದೆರಡು ದಿನ ಇರುತ್ತದೆ, ವಯಸ್ಸಾದಂತೆ ಅಥವಾ ಒಂದು ಹೆರಿಗೆಯಾದ ಮೇಲೆ ಬಹಳ ಜನರಿಗೆ ಕಡಿಮೆಯಾಗುತ್ತದೆ. ಒಳಗೆ ಬೇರೆ ರೋಗ ಇರುವುದಿಲ್ಲ. ಎರಡನೆಯದು ಒಳಗಿನ ರೋಗದಿಂದ ಹುಟ್ಟುವ ನೋವು. ಗರ್ಭಕೋಶದ ಒಳಪದರಿನಂಥ ಪದರು ಅಂಡಾಶಯ, ಕರುಳು, ಕಿಬ್ಬೊಟ್ಟೆಯ ಗೋಡೆಯ ಮೇಲೆ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಅದೇ ಪದರು ಗರ್ಭಕೋಶದ ಸ್ನಾಯುವಿನೊಳಗೆ ಇಳಿದರೆ ಅಡಿನೊಮಯೋಸಿಸ್. ಗರ್ಭಕೋಶದ ಗಂಟುಗಳು, ಸೋಂಕು ಬೇರೆ. ವಿಯೆನ್ನಾದ ರೊಕಿಟಾನ್ಸ್ಕಿ 1860ರಲ್ಲೇ ಇಂಥ ಬೆಳವಣಿಗೆಯನ್ನು ವಿವರಿಸಿದ್ದ. ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಅದಕ್ಕೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಕೊಟ್ಟ. ಮುಟ್ಟಿನ ರಕ್ತ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದೇ ಅದರ ಮೂಲ ಎಂದು 1927ರಲ್ಲಿ ವಾದಿಸಿದ. ಹಾಗೆ ಹರಿಯುವುದು ಬಹುತೇಕ ಎಲ್ಲರಲ್ಲೂ ಇದೆ. ಕೆಲವರಲ್ಲೇ ಯಾಕೆ ಬೇರೂರುತ್ತದೆ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಹೆರುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಕ್ಕನ ನೋವು ಹೆರಿಗೆಯಾದ ಮೇಲೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒಂದು ಮಗಳು ಹುಟ್ಟಿದ ಮೇಲೆ ಮತ್ತೆ ಗರ್ಭ ನಿಲ್ಲಲಿಲ್ಲ. ಮುಟ್ಟಿಗೆ ವಾರ ಮೊದಲೇ ನೋವು ಶುರು. ಆ ದಿನಗಳಲ್ಲಿ ಹೊರಕಡೆಗೆ ಹೋದರೂ ಜೀವ ಹೋದಂತೆ. ಇವೆಲ್ಲ ಎರಡನೆಯ ಬಗೆಯ ಗುರುತುಗಳೆಂದು ಈಗ ಗೊತ್ತು. ಆಗ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. 1988ರಲ್ಲಿ, ಅವಳಿಗೆ 32 ವರುಷ, ಪೇಟೆಯ ಒಂದು ದವಾಖಾನೆಯಲ್ಲಿ ಐದು ನಿಮಿಷ ನೋಡಿ, "ಗರ್ಭಚೀಲ ಕೆಟ್ಟೈತಿ, ತಗದ್ರ ಆತು" ಅಂದರು. ಭಾವ ಎರಡು ಎಕರೆ ಅಡವಿಟ್ಟ. ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರು ಎಂಬುದು ನಮಗೆ ತಿಳಿದದ್ದು ಎಷ್ಟೋ ವರುಷದ ಮೇಲೆ, ಕಾಗದಪತ್ರ ನೋಡಿದಾಗ. ಮುಟ್ಟು ನಿಂತಿತು. ಹೊಟ್ಟೆಯ ನೋವು ಇಳಿಯಿತು, ಪೂರ್ತಿ ಹೋಗಲಿಲ್ಲ. ನಾಲ್ವತ್ತರಲ್ಲಿ ಸೊಂಟ ಬಾಗಿತು. ಐವತ್ತರಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಅಂಡಾಶಯ ಬೇಗ ಹೋದರೆ ಎಲುಬು ಸವೆಯುತ್ತವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇದು ಅಕ್ಕ ಒಬ್ಬಳ ಕತೆಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ, ಅದರಲ್ಲೂ ಲಂಬಾಣಿ ಹೆಂಗಸರ, ಗರ್ಭಚೀಲ ತೆಗೆಸಿದ ಸಂಗತಿ 2015ರ ಸುಮಾರಿಗೆ ಬಯಲಿಗೆ ಬಂತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರೇ ಅವರಲ್ಲಿ ಬಹಳ. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ಬಂತು. ಅಲ್ಲಿ ಕಬ್ಬಿನ ಕೂಲಿ ಗಂಡಹೆಂಡಿರ ಜೋಡಿಗೆ. ಒಂದು ದಿನ ತಪ್ಪಿದರೆ ಮುಕಾದಮ ದಂಡ ಹಿಡಿಯುತ್ತಾನೆ. ಮುಟ್ಟಿನ ನೋವಿಗೆ ರಜೆಯಿಲ್ಲದ್ದರಿಂದ ಗರ್ಭಚೀಲವನ್ನೇ ತೆಗೆಸಿಬಿಡುವುದು. ಪತ್ರಿಕೆಯಲ್ಲಿ ಓದಿ ದೂರದ ಸುದ್ದಿ ಎಂದು ಮಡಚಿಡಲು ನನಗೆ ಆಗಲಿಲ್ಲ. ಆ ಸೀಮೆಯ ಕಬ್ಬಿನ ಗ್ಯಾಂಗುಗಳು ಕರ್ನಾಟಕದ ಕಾರ್ಖಾನೆಗಳಿಗೂ ಬರುತ್ತವೆ. ಹಂಗಾಮಿನಲ್ಲಿ ನಮ್ಮ ಕಡೆಯ ಹೊಲಗಳ ಬದಿಗೂ ತಾಡಪತ್ರಿಯ ಗುಡಿಸಲು ಏಳುತ್ತವೆ. ನಸುಕಿನಲ್ಲಿ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಹತ್ತುವ ಹೆಂಗಸರನ್ನು ನೋಡಿದಾಗ ಇವರಲ್ಲಿ ಎಷ್ಟು ಜನ ನಮ್ಮ ಅಕ್ಕಂದಿರೋ ಅನಿಸುತ್ತದೆ.

2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಸರಕಾರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರುಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಜಪಾನು 1947ರಲ್ಲೇ ಇಂಥ ಕಾನೂನು ಮಾಡಿತ್ತು, ಬಿಹಾರ 1992ರಲ್ಲಿ ಸರಕಾರಿ ನೌಕರಿಯ ಹೆಂಗಸರಿಗೆ ಎರಡು ದಿನ ಕೊಟ್ಟಿತ್ತು. ನಮ್ಮ ಸಂಪುಟದ ಸುದ್ದಿ ಓದಿ ನಾನು ಸಂತೋಷಪಟ್ಟೆ. ಆದರೆ ದಿನಗೂಲಿಯ ಹೊಲದಲ್ಲಿ, ಕಬ್ಬಿನ ಗದ್ದೆಯಲ್ಲಿ ಹಾಜರಿ ಪುಸ್ತಕ ಇಡುವವರು ಯಾರು? ರಜೆ ಬೇಕು, ನಿಜ. ಅದಕ್ಕಿಂತ ಮೊದಲು, ಈ ನೋವು ಯಾವ ಬಗೆಯದು ಎಂದು ಕೂತು ಕೇಳುವ ಒಬ್ಬ ವೈದ್ಯರು ಬೇಕು.

ಅಂಥವರೊಬ್ಬರು ಅಕ್ಕನ ಮೊಮ್ಮಗಳಿಗೆ ಸಿಕ್ಕರು. 2019ರಲ್ಲಿ ಆ ಹುಡುಗಿಗೆ 19 ವರುಷ, ಬಾಗಲಕೋಟೆಯಲ್ಲಿ ಓದುತ್ತಿದ್ದಳು. ಅವಳಿಗೂ ಅದೇ ಬ್ಯಾನಿ. ಗುಳಿಗೆಗೆ ಜಗ್ಗಲಿಲ್ಲ. ಈ ಸಲ ನಾನೇ ಕರೆದುಕೊಂಡು ಹೋದೆ. ವೈದ್ಯೆ ಅರ್ಧ ತಾಸು ಕೇಳಿದರು. ನೋವು ಎಂದಿನಿಂದ, ಎಲ್ಲಿ, ಶೌಚಕ್ಕೆ ಹೋದಾಗ ಹೆಚ್ಚೋ, ಮನೆಯಲ್ಲಿ ಇನ್ನಾರಿಗಾದರೂ ಇತ್ತೋ. ಆ ಕೊನೆಯ ಪ್ರಶ್ನೆಗೆ ನಾನು ಅಕ್ಕನ ಕತೆ ಹೇಳಿದೆ. ಈ ರೋಗ ಮನೆತನದಲ್ಲಿ ಹರಿದು ಬರುವುದುಂಟು ಎಂದರು. ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಮೇಲೆ ಹಳೆಯ ರಕ್ತ ತುಂಬಿದ ಸಣ್ಣ ಚೀಲ ಕಂಡಿತು. ಎಂಡೊಮೆಟ್ರಿಯೋಸಿಸ್. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಈ ರೋಗ ಇರಬಹುದು, ಇವಳದು ಕಂಡದ್ದು ಪುಣ್ಯ ಎಂದರು. ದಿನಾ ಒಂದು ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ರೋಗ ಬೇರುಸಹಿತ ಹೋಗುವುದಿಲ್ಲ, ಆದರೆ ಹಿಡಿತದಲ್ಲಿರುತ್ತದೆ, ಮುಂದೆ ಮಕ್ಕಳಾಗುವ ದಾರಿಯೂ ಮುಚ್ಚಿಲ್ಲ ಎಂದು ಬಿಡಿಸಿ ಹೇಳಿದರು. ಹುಡುಗಿ ಕೊನೆಯ ವರುಷದ ಪರೀಕ್ಷೆಗಳನ್ನು ಒಂದೂ ತಪ್ಪಿಸದೆ ಬರೆದಳು.

ಅಂದು ಸಂಜೆ ಊರಿಗೆ ಬಂದು ಅಕ್ಕನ ಮುಂದೆ ಎಲ್ಲ ಹೇಳಿದೆ. ಚೀಟಿಯ ಮೇಲಿನ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಬಹಳ ಹೊತ್ತು ಸುಮ್ಮನಿದ್ದಳು.

"ಇದಕ್ಕೊಂದು ಹೆಸರ ಇತ್ತೇನ ತಂಗಿ?" ಅಂದಳು.

"ಹೂಂ ಅಕ್ಕಾ. ನೀ ಹುಟ್ಟೂಕಿಂತ ಮೊದ್ಲ ಇತ್ತು."

"ಮತ್ತ ನಾಟಕ ಅಲ್ಲಲಾ?"

ಐವತ್ತು ವರುಷದ ಹಿಂದಿನ ನನ್ನ ಮಾತು ಅವಳಿಗೂ ನೆನಪಿತ್ತು. ನಾನು ಅವಳ ಕೈ ಹಿಡಿದುಕೊಂಡೆ. "ತಪ್ಪಾತ ಅಕ್ಕಾ" ಅಂದೆ. ಅವಳು ನಕ್ಕು, "ಹೋಗ, ಚಹಾಕ್ಕಿಡ" ಅಂದಳು.